ಆಲಿವ್ ಎಣ್ಣೆ ಬಾಟಲಿಗೆ ಲೇಬಲ್: ಪ್ರೆಸ್ಸಿಗೆ ಹೋಗುವ ಮೊದಲು



ನಾಶಿಕ್ ರೋಡಿನ ಕರೆನ್ಸಿ ನೋಟ್ ಪ್ರೆಸ್ಸಿನಲ್ಲಿ 1928ರಿಂದ ದೇಶದ ನೋಟು ಅಚ್ಚಾಗುತ್ತಿದೆ. ಅದೇ ಊರಿನಲ್ಲಿ ಮೂರು ಅಂಗುಲದ ಒಂದು ಎಣ್ಣೆ ಲೇಬಲ್ ಸರಿಯಾಗಿ ಅಚ್ಚು ಹಾಕಿಸಿಕೊಳ್ಳಲಾಗದೆ ಸೋತವನು ನಾನು. ಐದು ಸಾವಿರ ಲೇಬಲ್ ಮಾಡಿಸಿದ್ದೆ, ಅಂಟಿಸಿದ್ದು ಮುನ್ನೂರೂ ಇಲ್ಲ. ಉಳಿದದ್ದು ಇವತ್ತಿಗೂ ಗೋದಾಮಿನಲ್ಲಿದೆ, ಹಿಂಬದಿಯಲ್ಲಿ ಹುಡುಗರು ತರಕಾರಿ ಲೆಕ್ಕ ಬರೆಯುತ್ತಾರೆ. ನಮ್ಮಲ್ಲಿ ಅನೇಕರು ಈಗ ಕೌಂಟರಿನಲ್ಲಿ ಚಟ್ನಿಪುಡಿ, ಸಾಂಬಾರ್ ಪುಡಿ, ಉಪ್ಪಿನಕಾಯಿಯ ಜೊತೆಗೆ ಎಣ್ಣೆ ಬಾಟಲಿಯನ್ನೂ ಇಡಲು ಹೊರಟಿರುವುದರಿಂದ, ನಾನು ದುಡ್ಡು ಕೊಟ್ಟು ಕಲಿತ ಪಾಠವನ್ನು ಇಲ್ಲಿ ಹೇಳುತ್ತಿದ್ದೇನೆ.

ಸಂಗತಿ ಇಷ್ಟೇ. ಪಿಜ್ಜಾ, ಪಾಸ್ತಾ, ಸಲಾಡ್ ವಿಭಾಗ ಶುರು ಮಾಡಿದ ಮೇಲೆ ಐದು ಲೀಟರ್ ಟಿನ್ನಿನಲ್ಲಿ ಆಲಿವ್ ಎಣ್ಣೆ ತರಿಸುತ್ತಿದ್ದೆವು. ಅದನ್ನೇ 250 ಮಿ.ಲೀ. ಬಾಟಲಿಗೆ ತುಂಬಿ ನಮ್ಮ ಹೆಸರಿನಲ್ಲಿ ಮಾರಿದರೆ ಹೇಗೆ ಎಂಬ ಯೋಚನೆ ಬಂತು. ನೇರವಾಗಿ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವರು, "ಅಣ್ಣಾ, ಡಿಸೈನ್ ಎಷ್ಟು ಚಂದ ಬೇಕು ಹೇಳಿ, ಉಳಿದದ್ದು ನಮಗೆ ಬಿಡಿ" ಎಂದರು. ಬಿಟ್ಟೆ. ಅದೇ ತಪ್ಪು. ಲೇಬಲ್ಲಿನ ಬಣ್ಣ ಪ್ರೆಸ್ಸಿನವರದು, ಆದರೆ ಅದರ ಮೇಲಿನ ಒಂದೊಂದು ಅಕ್ಷರಕ್ಕೂ ಜವಾಬ್ದಾರಿ ಬಾಟಲಿ ತುಂಬಿದವನದು.

ಮೊದಲು ಹೆಸರು

ಆಲಿವ್ ಎಣ್ಣೆ ಎಂಬುದು ಒಂದೇ ಎಣ್ಣೆಯಲ್ಲ. ಹಣ್ಣನ್ನು ಬಿಸಿ ಅಥವಾ ರಾಸಾಯನಿಕ ಸೋಕಿಸದೆ ಹಿಂಡಿ ತೆಗೆದದ್ದು ವರ್ಜಿನ್. ಅದರಲ್ಲಿಯೂ ಆಮ್ಲೀಯತೆ ಶೇ. 0.8 ಮೀರದಿದ್ದು ರುಚಿಯಲ್ಲಿಯೂ ದೋಷವಿಲ್ಲದಿದ್ದರೆ ಎಕ್ಸ್‌ಟ್ರಾ ವರ್ಜಿನ್, ಶೇ. 2ರವರೆಗೆ ಬರೀ ವರ್ಜಿನ್. ಶುದ್ಧೀಕರಿಸಿದ ಎಣ್ಣೆಗೆ ಸ್ವಲ್ಪ ವರ್ಜಿನ್ ಬೆರೆಸಿದರೆ ಅದು ಸಾದಾ ಆಲಿವ್ ಎಣ್ಣೆ. ಹಿಂಡಿ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು ಪೊಮೆಸ್ ಎಣ್ಣೆ. ನಮ್ಮ ಹೋಟೆಲುಗಳಲ್ಲಿ ಕರಿಯಲು ಹೆಚ್ಚಾಗಿ ತರಿಸುವುದು ಇದನ್ನೇ, ಬೆಲೆ ಕಡಿಮೆ, ಬಿಸಿಯನ್ನೂ ತಡೆಯುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ. ಆದರೆ ಅದನ್ನು ಬರೀ 'ಆಲಿವ್ ಎಣ್ಣೆ' ಎಂದು ಕರೆಯುವಂತಿಲ್ಲ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ನನ್ನ ಟಿನ್ನಿನ ಮೇಲೆ 'ಪೊಮೆಸ್' ಎಂದೇ ಇತ್ತು. ಅದು ಕಂಪನಿಯ ಹೆಸರಿನ ಭಾಗ ಎಂದುಕೊಂಡಿದ್ದೆ! ನನ್ನ ಲೇಬಲ್ಲಿನಲ್ಲಿ 'ಶುದ್ಧ ಆಲಿವ್ ಎಣ್ಣೆ' ಎಂದು ಚಿನ್ನದ ಬಣ್ಣದಲ್ಲಿ ಹಾಕಿಸಿದ್ದೆ. ಒಬ್ಬ ಗ್ರಾಹಕರು ಮನೆಗೆ ಒಯ್ದು ರುಚಿ ನೋಡಿ ಮಾರನೆಯ ದಿನ ಬಂದು, "ಅಣ್ಣಾ, ನಿಮ್ಮ ಟಿನ್ ತೋರಿಸಿ" ಎಂದರು. ತೋರಿಸಿದೆ. ಓದಿ ನಕ್ಕರು. ದೂರು ಕೊಡದೆ ನಕ್ಕಿದ್ದು ನನ್ನ ಪುಣ್ಯ. ಅಂದೇ ಬಾಟಲಿಗಳನ್ನು ಕೌಂಟರಿನಿಂದ ಇಳಿಸಿದೆ.

ಸೂರ್ಯಕಾಂತಿ ಎಣ್ಣೆ ಬೆರೆಸಿ ಬೆಲೆ ಇಳಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಹಾಗೆ ಬೆರೆಸಿದರೆ ಅದು ಮಿಶ್ರ ಖಾದ್ಯ ಎಣ್ಣೆಯಾಗುತ್ತದೆ, ಅದಕ್ಕೆ ಆಗ್‌ಮಾರ್ಕ್ ಬೇಕು. ನಮ್ಮಂಥವರಿಗೆ ಅದರ ಗೊಡವೆ ಬೇಡ. 'ಕೊಲೆಸ್ಟರಾಲ್ ನಾಶಕ', 'ಹೃದಯಕ್ಕೆ ಹಿತ', 'ಡಬಲ್ ರಿಫೈನ್ಡ್' ಎಂಬಂಥ ಮಾತುಗಳನ್ನೂ ಖಾದ್ಯ ಎಣ್ಣೆಯ ಲೇಬಲ್ಲಿನಲ್ಲಿ ಹಾಕುವಂತಿಲ್ಲ, ಪ್ರೆಸ್ಸಿನ ಹುಡುಗ ಅದೆಷ್ಟು ಒತ್ತಾಯ ಮಾಡಿದರೂ.

ಲೈಸನ್ಸ್ ಮತ್ತು ನೋಂದಣಿ

ಹೋಟೆಲಿಗೆ ಆಹಾರ ಸುರಕ್ಷತಾ ಲೈಸನ್ಸ್ ಇದೆಯಲ್ಲ, ಸಾಕು ಎಂದು ತಿಳಿಯಬೇಡಿ. ಅದು ಅಡುಗೆ ಮಾಡಿ ಬಡಿಸುವುದಕ್ಕೆ. ಬೇರೆಯವರ ಎಣ್ಣೆಯನ್ನು ಬಾಟಲಿಗೆ ತುಂಬಿ ಮಾರುವುದು ರೀಪ್ಯಾಕಿಂಗ್. ಆ ಬಾಬತ್ತು ಲೈಸನ್ಸಿನಲ್ಲಿ ಸೇರಿರಬೇಕು. ಅರ್ಜಿ ಈಗೆಲ್ಲ ಫಾಸ್ಕಾಸ್ ಪೋರ್ಟಲ್ ಮೂಲಕ, ಮಹಾರಾಷ್ಟ್ರದಲ್ಲಿ ನೋಡಿಕೊಳ್ಳುವವರು ಅನ್ನ ವ ಔಷಧ ಪ್ರಶಾಸನದವರು. ಇದಲ್ಲದೆ ಪ್ಯಾಕ್ ಮಾಡಿ ಮಾರುವವರು 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ವೈಧ ಮಾಪನ ಇಲಾಖೆಯಲ್ಲಿ ಪ್ಯಾಕರ್ ಎಂದು ನೋಂದಾಯಿಸಿಕೊಳ್ಳಬೇಕು, ಪ್ಯಾಕಿಂಗ್ ಆರಂಭಿಸಿದ 90 ದಿನದೊಳಗೆ ಅರ್ಜಿ ಹಾಕಬೇಕು. ಇದನ್ನು ನಮ್ಮಲ್ಲಿ ಬಹಳ ಜನ ಮರೆಯುತ್ತಾರೆ.

ಎಣ್ಣೆಯ ವಿಷಯದಲ್ಲಿ ಸರಕಾರ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಕಾಲು ಊದಿಕೊಂಡು ಜನ ಸತ್ತರು. ಆ ವರ್ಷವೇ ಬಿಡಿ ಎಣ್ಣೆಯ ಬದಲು ಪ್ಯಾಕ್ ಮಾಡಿ, ಲೇಬಲ್ ಹಾಕಿಯೇ ಮಾರಬೇಕೆಂಬ ಆದೇಶ ಬಂತು.

ಬರೆಯಬೇಕಾದದ್ದು

ನಾಶಿಕ್‌ನ ಯಾವುದಾದರೂ ವೈನ್ ಬಾಟಲಿ ಎತ್ತಿ ನೋಡಿ: ಮುಂದೆ ಒಂದು ಲೇಬಲ್ ಕಣ್ಣಿಗೆ, ಹಿಂದೆ ಒಂದು ಕಾನೂನಿಗೆ. ಎಣ್ಣೆಗೂ ಇದೇ ಕ್ರಮ ಒಳ್ಳೆಯದು. ಮುಂದೆ ಎಣ್ಣೆಯ ಸರಿಯಾದ ಹೆಸರು, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ನಿವ್ವಳ ಪ್ರಮಾಣ. ಹಿಂದೆ ಪ್ಯಾಕ್ ಮಾಡಿದವರ ಹೆಸರು ಮತ್ತು ಪೂರ್ತಿ ವಿಳಾಸ, 14 ಅಂಕಿಯ ಲೈಸನ್ಸ್ ಸಂಖ್ಯೆ ಮತ್ತು ಲಾಂಛನ, ಪೋಷಕಾಂಶಗಳ ಪಟ್ಟಿ, ಬ್ಯಾಚ್ ನಂಬರು, ಪ್ಯಾಕ್ ಮಾಡಿದ ದಿನ, ಮುಕ್ತಾಯ ದಿನ, ಗ್ರಾಹಕರು ದೂರು ಹೇಳುವ ಫೋನ್, ಎಣ್ಣೆ ಯಾವ ದೇಶದ್ದು ಎಂಬುದು, ಎಂ.ಆರ್.ಪಿ. ಎಲ್ಲ ತೆರಿಗೆ ಸೇರಿ.

ದರದ ಪಕ್ಕದಲ್ಲಿ ಈಗ ಬಿಡಿ ಮಾನದ ದರವೂ ಬೇಕು. 250 ಮಿ.ಲೀ. ಬಾಟಲಿಗೆ 350 ರೂ. ಇಟ್ಟರೆ 'ಪ್ರತಿ ಮಿ.ಲೀ.ಗೆ 1.40 ರೂ.' ಎಂದು ಬರೆಯಬೇಕು. ಪ್ರಮಾಣದಲ್ಲಿಯೂ ಒಂದು ಸೂಕ್ಷ್ಮವಿದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಲೇಬಲ್ಲಿನಲ್ಲಿ ಹೆಚ್ಚಿನ ಉಷ್ಣತೆ ನಮೂದಿಸಿ ಕಡಿಮೆ ಎಣ್ಣೆ ತುಂಬುವ ಆಟ ನಡೆಯುತ್ತಿದ್ದುದರಿಂದ, 2022ರಲ್ಲಿ ಕೇಂದ್ರ ಸರಕಾರ ಉಷ್ಣತೆ ಬರೆಯದೆ ಮಿ.ಲೀ. ಜೊತೆಗೆ ತೂಕವನ್ನೂ ಬರೆಯಿರಿ ಎಂದು ಸೂಚಿಸಿತು. 250 ಮಿ.ಲೀ. ಆಲಿವ್ ಎಣ್ಣೆ ಸುಮಾರು 228 ಗ್ರಾಂ ಬರುತ್ತದೆ. ಆದರೂ ನಿಮ್ಮದೇ ತಕ್ಕಡಿಯಲ್ಲಿ ಹತ್ತು ಬಾಟಲಿ ತೂಗಿ ನೋಡಿ ಆಮೇಲೆ ಅಚ್ಚಿಗೆ ಕೊಡಿ.

ಮುಕ್ತಾಯ ದಿನ ಟಿನ್ನಿನ ಮೇಲಿನ ದಿನಾಂಕವನ್ನು ದಾಟಬಾರದು. ನಮ್ಮ ಯಾವ ಬ್ಯಾಚ್ ಯಾವ ಟಿನ್ನಿನದು ಎಂದು ಒಂದು ರಿಜಿಸ್ಟರ್ ಇಟ್ಟುಕೊಳ್ಳಿ. ಖಾಲಿಯಾದ ತಗಡಿನ ಅಥವಾ ಪ್ಲಾಸ್ಟಿಕ್ ಡಬ್ಬಿಗಳಿಗೆ ಮತ್ತೆ ಎಣ್ಣೆ ತುಂಬಿ ಮಾರುವುದಕ್ಕೂ ನಿಷೇಧವಿದೆ.

ಬೆಳ್ಳುಳ್ಳಿ, ಮೆಣಸು ಹಾಕಿದ ಎಣ್ಣೆ ಮಾರಬೇಕೆನ್ನುವವರಿಗೆ ಒಂದು ಮಾತು: ದಯವಿಟ್ಟು ಬೇಡ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ ಗಾಳಿಯಿಲ್ಲದೆ ಕೂತರೆ ಬೊಟುಲಿಸಂ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಲ್ಲಿ ಗೊತ್ತಾಗುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ರೆಸ್ಟೋರೆಂಟಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಜನ ಕಾಯಿಲೆ ಬಿದ್ದರು. ಫ್ರಿಜ್ಜಿನಲ್ಲಿಡಿ ಎಂದು ಬಾಟಲಿಯ ಮೇಲೆ ಬರೆದಿತ್ತು, ಯಾರೂ ಇಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಅಂದಂದಿಗೆ ಮಾಡಿ ಅಂದೇ ಮುಗಿಸಿದರೆ ಸಾಕು.

ಭಾಷೆ ಮತ್ತು ಊರು

ನನ್ನ ಲೇಬಲ್ಲಿನಲ್ಲಿ ವಿವರವೆಲ್ಲ ಮರಾಠಿ ಮತ್ತು ಕನ್ನಡದಲ್ಲಿತ್ತು. ಗಿರಾಕಿ ಮರಾಠಿ, ಮಾಲೀಕ ಕನ್ನಡಿಗ, ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ನಿಯಮ ಹೇಳುವುದು ಇಂಗ್ಲಿಷ್, ಇಲ್ಲವೇ ದೇವನಾಗರಿ ಲಿಪಿಯ ಹಿಂದಿ. ಮರಾಠಿ ಲಿಪಿಯೂ ದೇವನಾಗರಿಯೇ ಆದರೂ ಅದು ಹಿಂದಿಯಾಗುವುದಿಲ್ಲ. ಮರಾಠಿ, ಕನ್ನಡ ಎರಡನ್ನೂ ಹೆಚ್ಚುವರಿಯಾಗಿ ಧಾರಾಳ ಹಾಕಬಹುದು, ಅರ್ಥ ಬೇರೆಯಾಗದಿದ್ದರೆ ಸಾಕು.

ಕನ್ನಡ ಹಾಕಿಸುವಾಗ ಇಲ್ಲಿನ ಪ್ರೆಸ್ಸುಗಳಲ್ಲಿ ಒಂದು ತಾಪತ್ರಯವಿದೆ. ನಮ್ಮ ಕಡೆಯಿಂದ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿ ಕಳಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್ ಆದರೂ ಡಿಸೈನ್ ತಂತ್ರಾಂಶದ ಕೆಲವು ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಕಿತ್ತು ಪಕ್ಕಕ್ಕೆ ಬರುತ್ತದೆ. 'ಎಣ್ಣೆ'ಯ ಣಒತ್ತು ಬೇರೆಯಾಗಿ ನಿಂತದ್ದು ಅಚ್ಚು ಹಾಕುವವರಿಗೆ ತಪ್ಪೆಂದೇ ಕಾಣುವುದಿಲ್ಲ, ಅವರಿಗೆ ಅದೊಂದು ಚಿತ್ರ. ಆದ್ದರಿಂದ ಊರಿನಲ್ಲೇ ಅಕ್ಷರಗಳನ್ನು ಕರ್ವ್ ಮಾಡಿಸಿ ಪಿ.ಡಿ.ಎಫ್. ತರಿಸಿ, ಕೊನೆಯ ಪ್ರೂಫನ್ನು ಕನ್ನಡ ಓದಬಲ್ಲವರೇ ನೋಡಿ ಸಹಿ ಹಾಕಿ.

ಛತ್ರಪತಿ ಸಂಭಾಜಿನಗರದ ನಮ್ಮ ಸದಸ್ಯರೊಬ್ಬರದು ಇನ್ನೊಂದು ಕಥೆ. ಅಗ್ಗವಾಗುತ್ತದೆಂದು ಹತ್ತು ಸಾವಿರ ಲೇಬಲ್ ಒಟ್ಟಿಗೆ ಮಾಡಿಸಿದ್ದರು, ವಿಳಾಸ 'ಔರಂಗಾಬಾದ್' ಎಂದು. 2023ರಲ್ಲಿ ಊರಿನ ಹೆಸರು ಬದಲಾಯಿತು. ಮೇಲೊಂದು ಚಿಕ್ಕ ಸ್ಟಿಕ್ಕರ್ ಅಂಟಿಸಿದರಾಯಿತು ಎಂದರು. ಆದರೆ ಕಡ್ಡಾಯ ವಿವರಗಳನ್ನು ಸ್ಟಿಕ್ಕರ್ ಹಚ್ಚಿ ಬದಲಿಸುವುದಕ್ಕೆ ಪೊಟ್ಟಣ ನಿಯಮದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ; ಬೆಲೆ ಇಳಿಸುವುದಕ್ಕೆ ಮಾತ್ರ ಹಚ್ಚಬಹುದು, ಅದೂ ಹಳೆಯ ಬೆಲೆ ಮುಚ್ಚದಂತೆ. ಹಳೆಯ ದಾಸ್ತಾನು ಇದ್ದವರು ವೈಧ ಮಾಪನ ಕಚೇರಿಗೆ ಲಿಖಿತವಾಗಿ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ. ಲೈಸನ್ಸಿನ ವಿಳಾಸವನ್ನೂ ಲೇಬಲ್ಲಿಗೆ ತಾಳೆ ನೋಡಿ. ಬಿಹಾರದಲ್ಲಿ ಇನ್ನೊಂದು ಔರಂಗಾಬಾದ್ ಇರುವುದರಿಂದ ಪಿನ್ ಕೋಡ್ ಬಿಡಲೇಬೇಡಿ.

ಕಾಗದ, ಅಂಟು, ಎಣಿಕೆ

ಸಾದಾ ಕ್ರೋಮೋ ಕಾಗದದ ಸ್ಟಿಕ್ಕರ್ ಚಟ್ನಿಪುಡಿಗೆ ಸಾಕು, ಎಣ್ಣೆಗೆ ಆಗದು. ಸುರಿಯುವಾಗ ಬಾಯಿಯಿಂದ ಇಳಿದ ಒಂದು ಹನಿ ಸಾಕು, ಕಾಗದ ಹೀರಿಕೊಂಡು ಕಪ್ಪು ಕಲೆಯಾಗುತ್ತದೆ, ಎರಡು ವಾರದಲ್ಲಿ ಬ್ಯಾಚ್ ನಂಬರೂ ಓದಲಾಗದು. ಪಿ.ಪಿ. ಫಿಲ್ಮಿನ ಲೇಬಲ್ ಕೇಳಿ, ಅಥವಾ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ. ಲ್ಯಾಮಿನೇಷನ್ ಆದರೂ ಅಂಚಿನಿಂದ ಎಣ್ಣೆ ಒಳಹೋಗುತ್ತದೆ, ಹಾಗಾಗಿ ನಾನು ಫಿಲ್ಮ್ ಕಡೆಗೇ. ದಿನಾಂಕ, ಬ್ಯಾಚ್, ದರ ಪ್ರತಿ ಸಲ ಬದಲಾಗುವುದರಿಂದ ಆ ಜಾಗ ಖಾಲಿ ಬಿಡಿಸಿ, ಲ್ಯಾಮಿನೇಷನ್ ಮೇಲೆ ನಿಮ್ಮ ಮಷಿನಿನ ಶಾಯಿ ನಿಲ್ಲುತ್ತದೆಯೇ ಎಂದು ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಎಣ್ಣೆ ಹಚ್ಚಿಕೊಂಡೇ ಉಜ್ಜಿ.

ಬಾಟಲಿ ಮೊದಲು, ಲೇಬಲ್ ಆಮೇಲೆ. ಕಾಗದದ ಪಟ್ಟಿ ಸುತ್ತಿ ಅಳತೆ ತೆಗೆಯಿರಿ. ಕುತ್ತಿಗೆಯ ಕಡೆ ಸಪುರವಾಗುವ ಬಾಟಲಿಗೆ ನೇರ ಲೇಬಲ್ ಹಚ್ಚಿದರೆ ಮೇಲಂಚು ಸುಕ್ಕುಗಟ್ಟುತ್ತದೆ. ಎಣ್ಣೆಯ ಪಸೆಯಿದ್ದ ಗಾಜಿಗೆ ಯಾವ ಅಂಟೂ ಹಿಡಿಯದು, ಒಣಗಿದ ಖಾಲಿ ಬಾಟಲಿಗೆ ಮೊದಲು ಲೇಬಲ್ ಹಚ್ಚಿ ಆಮೇಲೆ ತುಂಬಿ. ಬೆಳಕಿಗೆ ಎಣ್ಣೆ ಕಮಟುವುದರಿಂದ ಗಾಢ ಬಣ್ಣದ ಗಾಜೇ ಒಳ್ಳೆಯದು. ನಿಫಾಡದ ಕಡೆ ಚಳಿಗಾಲದಲ್ಲಿ ಎಣ್ಣೆ ಮಬ್ಬಾಗಿ ಗಟ್ಟಿಯಾಗುತ್ತದೆ, ಗಿರಾಕಿಗಳು ಕಲಬೆರಕೆ ಎಂದು ತರುತ್ತಾರೆ. 'ಚಳಿಗೆ ಹೆಪ್ಪುಗಟ್ಟುವುದು ಸಹಜ' ಎಂಬ ಒಂದು ಸಾಲು ಹಿಂದಿನ ಲೇಬಲ್ಲಿನಲ್ಲಿದ್ದರೆ ಅರ್ಧ ವಾದ ಉಳಿಯುತ್ತದೆ.

ಎಷ್ಟು ಮಾಡಿಸಬೇಕು? ಆಫ್‌ಸೆಟ್ ಅಥವಾ ಫ್ಲೆಕ್ಸೋದಲ್ಲಿ ಪ್ಲೇಟು, ಡೈ ಖರ್ಚು ಐನೂರಕ್ಕೂ ಐದು ಸಾವಿರಕ್ಕೂ ಒಂದೇ, ಹಾಗಾಗಿ ಹೆಚ್ಚು ಮಾಡಿಸಿದಷ್ಟು ಒಂದೊಂದು ಲೇಬಲ್ ಅಗ್ಗ. ಡಿಜಿಟಲ್ ಪ್ರಿಂಟಿಗೆ ಪ್ಲೇಟ್ ಬೇಡ, ಒಂದೊಂದಕ್ಕೆ ದರ ಹೆಚ್ಚು. ಮೊದಲ ಸಲ ಆ ಹೆಚ್ಚಿನ ದರವನ್ನೇ ಕೊಟ್ಟು ಐನೂರು ಮಾಡಿಸಿ. ಮೂರು ಬಾಟಲಿಗೆ ಹಚ್ಚಿ, ತುಂಬಿ, ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಒಲೆಯ ಪಕ್ಕದ ಶೆಲ್ಫಿನಲ್ಲಿ, ಒಂದನ್ನು ಕ್ಯಾಶ್ ಕೌಂಟರಿನಲ್ಲಿ ಹದಿನೈದು ದಿನ ಇಡಿ. ಎರಡನೆಯ ಸಲ ನಾನು ಹೀಗೆಯೇ ಮಾಡಿದೆ. ಒಲೆಯ ಪಕ್ಕದ್ದು ಮಾತ್ರ ಒಂದು ಮೂಲೆಯಲ್ಲಿ ಎದ್ದಿತ್ತು, ಅಂಟು ಬದಲಿಸಿಕೊಟ್ಟರು. ಈಗಿನ ಲೇಬಲ್ಲಿನಲ್ಲಿ ಚಿನ್ನದ ಬಣ್ಣವಿಲ್ಲ, 'ಆಲಿವ್ ಪೊಮೆಸ್ ಎಣ್ಣೆ' ಎಂದು ದಪ್ಪಕ್ಷರದಲ್ಲಿದೆ. ಅಂದು ನಕ್ಕ ಗ್ರಾಹಕರು ತಿಂಗಳಿಗೆ ಎರಡು ಬಾಟಲಿ ಒಯ್ಯುತ್ತಾರೆ.