ಸೀಸೆಯಿಂದ ಸೂಜಿಯವರೆಗೆ

ಗ್ಲುಕೋಸೆರೆಬ್ರೊಸಿಡೇಸ್ ಎಂಬ ಕಿಣ್ವ ನಮ್ಮ ದೇಹದಲ್ಲಿ ಸವೆದ ಜೀವಕೋಶಗಳ ಕೊಬ್ಬಿನಂಶವನ್ನು ಒಡೆಯುತ್ತದೆ. ವಂಶವಾಹಿಯ ದೋಷದಿಂದ ಅದರ ಕೊರತೆಯುಂಟಾದರೆ ಗುಲ್ಮ, ಯಕೃತ್ತುಗಳು ಊದಿಕೊಳ್ಳುತ್ತವೆ, ಮೂಳೆಗಳು ದುರ್ಬಲವಾಗುತ್ತವೆ. ಇದೇ ಗೌಚರ್ ಕಾಯಿಲೆ.

1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವನ್ನು ಹೆರಿಗೆಯ ನಂತರದ ಮಾಸುಗಳಿಂದ ಬೇರ್ಪಡಿಸಬೇಕಿತ್ತು. ಒಬ್ಬ ರೋಗಿಯ ಒಂದು ವರ್ಷದ ಅಗತ್ಯಕ್ಕೇ ಸಾವಿರಾರು ಮಾಸುಗಳು ಬೇಕಾಗುತ್ತಿದ್ದವು. ಮಾನವ ವಂಶವಾಹಿಯನ್ನು ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಿಗೆ ಸೇರಿಸಿ ತಯಾರಿಸಿದ ಕಿಣ್ವಕ್ಕೆ 1994ರಲ್ಲಿ ಒಪ್ಪಿಗೆ ದೊರೆಯಿತು. ಕಚ್ಚಾವಸ್ತುವಿನ ಕೊರತೆ ನೀಗಿತು, ಬೆಲೆಯ ಭಾರ ಉಳಿಯಿತು.

ಇಂಥ ಕಿಣ್ವಗಳು ಪ್ರಯೋಗಾಲಯಗಳಿಗೂ ಪುಟ್ಟ ಸೀಸೆಗಳಲ್ಲಿ ಬರುತ್ತವೆ, 'ಸಂಶೋಧನೆಗೆ ಮಾತ್ರ' ಎಂಬ ಒಕ್ಕಣೆಯೊಂದಿಗೆ. ಔಷಧಕ್ಕೆ ಬೇಕಾದ ಸುರಕ್ಷತಾ ಪರೀಕ್ಷೆಗಳನ್ನು ದಾಟದ ಅವನ್ನು ರೋಗಿಗೆ ಕೊಡುವಂತಿಲ್ಲ. ಈ ಎಚ್ಚರಿಕೆ ಸರಿಯೇ. ಆದರೆ ಆ ಸೀಸೆಯಿಂದ ಚಿಕಿತ್ಸೆಯ ಸೂಜಿಯವರೆಗಿನ ದಾರಿಯನ್ನು ದೇಶದೊಳಗೇ ನಿರ್ಮಿಸುವುದು ಸರ್ಕಾರದ ಹೊಣೆಯೆಂಬುದು ನನ್ನ ನಿಲುವು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ಮರುವರ್ಷ ನೆರವಿನ ಮಿತಿಯನ್ನು ಪ್ರತಿ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ಕಿಣ್ವ ಚಿಕಿತ್ಸೆಯಾದರೋ ಜೀವನಪರ್ಯಂತದ್ದು. ಮಿತಿಯುಳ್ಳ ಹಣದಿಂದ ಮುಗಿಯದ ಚಿಕಿತ್ಸೆಯನ್ನು ತೂಗಿಸಲಾಗದು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದೇ ಬಗೆಯ ತಂತ್ರಜ್ಞಾನದಿಂದ ಹೆಪಟೈಟಿಸ್-ಬಿ ಲಸಿಕೆ ತಯಾರಿಸಿದಾಗ ಅದು ಸಾಮಾನ್ಯರ ಕೈಗೆಟುಕಿತು. ಗೌಚರ್ ರೋಗಿಗಳ ಸಂಖ್ಯೆ ಕಡಿಮೆ, ಲಾಭವೂ ಕಡಿಮೆ. ಮಾರುಕಟ್ಟೆ ಹಿಂಜರಿಯುವ ಅಂಥ ಕಡೆಯಲ್ಲೇ ಸಾರ್ವಜನಿಕ ವಿಜ್ಞಾನ ಮುಂದಡಿಯಿಡಬೇಕು.