ಒಂದು ವರ್ಷ, ಪರವೂರ ಮೇಷ್ಟರಾಗಿ

ಡಿಗ್ರಿ, ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿರುವ, ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಯುವಕ ಯುವತಿಯರು ಆ ಕಾಯುವ ವರ್ಷವನ್ನು ಹೊರಗೆ ಪಾಠ ಹೇಳುತ್ತಾ ಕಳೆದರೆ ಏನು ಸಿಗುತ್ತದೆ?

ಕೊಟ್ಟೂರಿನಲ್ಲಿ 1953ರಲ್ಲಿ ಹುಟ್ಟಿದ ಕಾದಂಬರಿಕಾರ ಕುಂ. ವೀರಭದ್ರಪ್ಪ ಮೇಷ್ಟರಾಗಿ ಬದುಕು ಕಟ್ಟಿಕೊಂಡಿದ್ದು ಗಡಿಯಾಚೆ, ಆಂಧ್ರದಲ್ಲಿ. ದಶಕಗಳ ಕಾಲ ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದರು. ರಾಯಲಸೀಮೆಯ ಬರ, ಫ್ಯಾಕ್ಷನ್ ಜಗಳ, ತೆಲುಗು ಬೆರೆತ ಮಾತು ಎಲ್ಲವೂ ಅವರ ಬರಹಕ್ಕೆ ಸರಕಾಯಿತು. 2007ರಲ್ಲಿ ‘ಅರಮನೆ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಟ್ಟೆಪಾಡಿಗೆ ಹಿಡಿದ ಪರವೂರಿನ ಮೇಷ್ಟರಿಕೆ ಸಂಬಳದ ಜೊತೆಗೆ ಇನ್ನೇನೇನನ್ನೋ ಕೊಟ್ಟಿತು.

ಮೈಸೂರಿನ ಕವಿ ಎ.ಕೆ. ರಾಮಾನುಜನ್ ಅವರದೂ ಇದೇ ದಾರಿ. ಕೊಲ್ಲಂ, ಮದುರೆ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಪಾಠ ಹೇಳಿ, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋದರು. ಆಮೇಲೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತರು. ವಚನಗಳನ್ನು ಇಂಗ್ಲಿಷ್ ಓದುಗರ ಕೈಗಿಟ್ಟ ಅವರ ಪುಸ್ತಕ 1973ರಲ್ಲಿ ಹೊರಬಂತು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವುದು ಇಲ್ಲಿ ಮಾಮೂಲು. ಓದಿದ ಮಕ್ಕಳು ಹೋಗುವುದು ಧಾರವಾಡದ ಕೋಚಿಂಗ್ ಸೆಂಟರಿಗೆ. ವರ್ಷ ತುಂಬುವುದರೊಳಗೆ ಕೆಲಸ ಸಿಗದಿದ್ದರೆ ‘ಖಾಲಿ ಕುಂತಾನ’ ಎಂಬ ಮಾತು ಶುರು. ವಿದೇಶಗಳಲ್ಲಿ ‘ಗ್ಯಾಪ್ ಇಯರ್’ ಎಂದು ಹುಡುಗರು ಬೇಕೆಂದೇ ತೆಗೆದುಕೊಳ್ಳುವ ವರ್ಷ ನಮ್ಮಲ್ಲಿ ತಾನಾಗಿಯೇ ಬಂದು ವಕ್ಕರಿಸುತ್ತದೆ. ಅದನ್ನು ಹೇಗೆ ಬಳಸುವುದು ಎಂಬುದಷ್ಟೇ ಪ್ರಶ್ನೆ.

ಮಾತು ಬಾರದ ತರಗತಿ

ತನ್ನ ಭಾಷೆ ಅರ್ಥವಾಗದ ಮಕ್ಕಳ ಮುಂದೆ ನಿಂತಾಗ ಮೇಷ್ಟರ ಅರ್ಧ ಅಹಂಕಾರ ಅಲ್ಲೇ ಇಳಿಯುತ್ತದೆ. ಕಳೆಯುವ ಲೆಕ್ಕವನ್ನೇ ನೋಡಿ. ನಮ್ಮೂರ ತರಗತಿಯಲ್ಲಾದರೆ ಐದು ನಿಮಿಷ ಭಾಷಣ ಬಿಗಿದು ಬೋರ್ಡಿಗೆ ತಿರುಗುತ್ತೇವೆ. ಅಲ್ಲಿ ಅದು ನಡೆಯದು. ಹತ್ತು ಹುಣಸೆ ಬೀಜ ನೆಲದ ಮೇಲಿಟ್ಟು, ನಾಲ್ಕನ್ನು ಮುಷ್ಟಿಯಲ್ಲಿ ಮುಚ್ಚಿ, ಹುಬ್ಬೇರಿಸಿ ಸುಮ್ಮನೆ ಕಾಯಬೇಕು. ಮಗು ಎಣಿಸುತ್ತದೆ, ತಪ್ಪುತ್ತದೆ, ಮತ್ತೆ ಎಣಿಸುತ್ತದೆ. ಕಡಿಮೆ ಮಾತಾಡುವುದು, ಮಾಡಿ ತೋರಿಸುವುದು, ಉತ್ತರಕ್ಕೆ ಪುರುಸೊತ್ತು ಕೊಡುವುದು: ಬಿ.ಎಡ್. ನೋಟ್ಸಿನಲ್ಲಿ ಬರೆದುಕೊಂಡದ್ದು ಕೈಗೆ ಹತ್ತುವುದು ಆಗಲೇ. ಪರವೂರಿನಲ್ಲಿ ಅಡುಗೆ, ಬಾಡಿಗೆ, ಜ್ವರ, ಜಗಳ ಎಲ್ಲವನ್ನೂ ಒಬ್ಬರೇ ನಿಭಾಯಿಸುವುದರಿಂದ ಬರುವ ಧೈರ್ಯ ಇದಕ್ಕೆ ಬಡ್ಡಿ.

ಹೊರದೇಶದ ಲೆಕ್ಕಾಚಾರ

ಅವಕಾಶಗಳಿವೆ, ಆದರೆ ಜಾಹೀರಾತು ಹೇಳುವಷ್ಟು ಸಲೀಸಲ್ಲ. ಫುಲ್‌ಬ್ರೈಟ್ ಭಾಷಾ ಬೋಧನಾ ಸಹಾಯಕರ ಯೋಜನೆ 21ರಿಂದ 29 ವರ್ಷದೊಳಗಿನ ಶಿಕ್ಷಕರನ್ನು ಸುಮಾರು ಒಂಬತ್ತು ತಿಂಗಳು ಅಮೆರಿಕದ ಕಾಲೇಜುಗಳಲ್ಲಿ ಭಾರತೀಯ ಭಾಷೆ ಕಲಿಸಲು ಕಳಿಸುತ್ತದೆ. ಯಾವ ಭಾಷೆಗಳಿಗೆ ಅವಕಾಶ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಮಾಲ್ದೀವ್ಸ್ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದಶಕಗಳಿಂದ ಇದ್ದಾರೆ. ಭೂತಾನ್ ಕೂಡ ಗಣಿತ, ವಿಜ್ಞಾನಕ್ಕೆ ನಮ್ಮವರನ್ನು ಕರೆಸಿಕೊಂಡಿದೆ. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯೆಂದು ಪರಿಗಣಿಸಿದ ಏಳು ದೇಶಗಳವರಿಗೆ ಮೀಸಲು; ಅದರಲ್ಲಿ ಭಾರತವಿಲ್ಲ. ನಮ್ಮವರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಮೊದಲು ನೋಡುವುದು ಪಾಸ್‌ಪೋರ್ಟನ್ನು.

ಹೊರಡುವವರು ಡಿಗ್ರಿ ಪ್ರಮಾಣಪತ್ರಕ್ಕೆ ರಾಜ್ಯದ ದೃಢೀಕರಣ, ಬಳಿಕ ಹೋಗುವ ದೇಶಕ್ಕೆ ತಕ್ಕಂತೆ ವಿದೇಶಾಂಗ ಸಚಿವಾಲಯದ ದೃಢೀಕರಣ ಇಲ್ಲವೇ ಅಪೊಸ್ಟಿಲ್ ಮುದ್ರೆ, ಪೊಲೀಸ್ ಕ್ಲಿಯರೆನ್ಸ್ ಇವುಗಳಿಗೆ ತಿಂಗಳುಗಟ್ಟಲೆ ಮೊದಲೇ ಓಡಾಡಬೇಕು. ಏಜೆಂಟರ ಮೂಲಕ ಹೋಗುವುದಾದರೆ ಅವರ ಲೈಸೆನ್ಸ್ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿಯ ಮಿತಿಯಿದೆ, ಮೇಲೆ ಜಿಎಸ್‌ಟಿ ಮಾತ್ರ. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದವನ ಕಡೆ ತಿರುಗಿಯೂ ನೋಡಬೇಡಿ. ದುಡ್ಡು ಕಟ್ಟಿಸಿಕೊಂಡು ಎರಡು ವಾರಕ್ಕೆ ‘ಸ್ವಯಂಸೇವಕ ಶಿಕ್ಷಕ’ರನ್ನು ಮಾಡುವ ಕಂಪನಿಗಳಿಂದಲೂ ದೂರ ಇರುವುದು ಒಳ್ಳೆಯದು. ಹೋದವರಿಗೆ ಫೋಟೊ ಸಿಗುತ್ತದೆ. ಮಕ್ಕಳಿಗೆ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಒಂದು ವರ್ಷ ಹೊರಗಿದ್ದರೆ ಇಲ್ಲಿಯ ಸರದಿ ತಪ್ಪುತ್ತದೆ ಎಂಬ ಭಯ ಮನೆಯವರದು. ಆದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪ್ರಮಾಣಪತ್ರದ ಏಳು ವರ್ಷದ ಗಡುವನ್ನು 2021ರಲ್ಲಿ ತೆಗೆದು ಜೀವನಪರ್ಯಂತ ಮಾನ್ಯ ಮಾಡಲಾಗಿದೆ. ಕಲ್ಯಾಣ ಕರ್ನಾಟಕದವರಿಗಿರುವ, ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಒಂದು ವರ್ಷದ ಗೈರಿನಿಂದ ಕೈತಪ್ಪುವಂಥದ್ದಲ್ಲ. ನೇಮಕಾತಿ ಅಧಿಸೂಚನೆ, ಪರೀಕ್ಷೆಯ ದಿನಾಂಕಗಳ ಮೇಲೆ ಮಾತ್ರ ಕಣ್ಣಿಟ್ಟಿರಬೇಕು.

ಪಾಸ್‌ಪೋರ್ಟ್ ಇಲ್ಲದವರಿಗೆ

ಗಡಿ ದಾಟಲು ವಿಮಾನವೇ ಬೇಕೆಂದೇನಿಲ್ಲ. 1953ರ ಅಕ್ಟೋಬರ್ 1ರವರೆಗೆ ಈ ತಾಲ್ಲೂಕುಗಳೇ ಮದ್ರಾಸ್ ರಾಜ್ಯದಲ್ಲಿದ್ದವು. ಅಂದು ಎಳೆದ ಗೆರೆಯ ಆಚೆ, ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾ ಭಾಗಗಳಲ್ಲಿ ಕನ್ನಡದ ಮಕ್ಕಳು ಇಂದಿಗೂ ಇದ್ದಾರೆ. ಕಾಸರಗೋಡಿನಲ್ಲೂ ಕನ್ನಡ ಶಾಲೆಗಳಿವೆ. ದುಬೈಯಲ್ಲಿ ‘ಕನ್ನಡ ಮಿತ್ರರು’ ಸಂಘಟನೆ 2014ರಲ್ಲಿ ಶುರುಮಾಡಿದ ಪಾಠಶಾಲೆಯಂತೆ ಹೊರದೇಶಗಳ ಕನ್ನಡ ಕುಟುಂಬಗಳು ತಾವೇ ತರಗತಿ ನಡೆಸುತ್ತಿವೆ. ಅಲ್ಲಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಲಿಸಲು ಕೊಟ್ಟೂರಿನಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಕೂತವರಿಗೆ ಬೇಕಾಗುವುದು ಒಳ್ಳೆಯ ನೆಟ್‌ವರ್ಕ್ ಮತ್ತು ತಾಳ್ಮೆ.

ಅದಕ್ಕೂ ಮೊದಲಿನ ಮೆಟ್ಟಿಲು ನಮ್ಮ ತಾಂಡಾಗಳು. ಈ ಸೀಮೆಯ ಲಂಬಾಣಿ ತಾಂಡಾಗಳಿಂದ ಒಂದನೇ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ಗೋರ್‌ಬೋಲಿ. ಅವರಿಗೆ ಕನ್ನಡ ಕಲಿಸುವುದು ಯಾವ ವಿದೇಶಿ ತರಗತಿಗಿಂತಲೂ ಸುಲಭದ ಕೆಲಸವಲ್ಲ. ಅಪ್ಪ ಅಮ್ಮ ಗುಳೆ ಹೊರಟರೆ ಆ ಮಕ್ಕಳ ಓದೂ ಅರ್ಧಕ್ಕೆ ನಿಲ್ಲುತ್ತದೆ. ಅಂಥ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿ ಒಂದು ವರ್ಷ ಏಗಿದವರು ಭೂತಾನಿಗೂ ಸಲ್ಲುತ್ತಾರೆ, ದುಬೈಗೂ ಸಲ್ಲುತ್ತಾರೆ.

ನೇಮಕಾತಿ ಆದೇಶ ಕೈಗೆ ಬಂದ ದಿನದಿಂದಲೇ ವರ್ಗಾವಣೆಗೆ ಓಡಾಡುವ ಮೇಷ್ಟರುಗಳನ್ನು ಹಳ್ಳಿಗಳು ಬೇಕಾದಷ್ಟು ಕಂಡಿವೆ. ಪರವೂರಿನಲ್ಲಿ ಒಂದು ವರ್ಷ ಮಕ್ಕಳ ಜೊತೆ ಹೆಣಗಿ ಬಂದವರಿಗೆ ಯಾವ ಊರಿನ ಪೋಸ್ಟಿಂಗೂ ಶಿಕ್ಷೆಯಾಗಿ ಕಾಣುವುದಿಲ್ಲ. ಆ ವರ್ಷದ ದೊಡ್ಡ ಲಾಭ ಅದು. ಅದರ ಪಾಲು ಮೇಷ್ಟರಿಗಿಂತ ಹೆಚ್ಚಾಗಿ ಅವರ ಮುಂದೆ ಕೂರುವ ಮಕ್ಕಳಿಗೆ ಸಲ್ಲುತ್ತದೆ.