ಮೈಸೂರು ಚಿತ್ರದ ಉಬ್ಬು ಕೆಲಸ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರದಲ್ಲಿ ದೇವಿಯ ಕಿರೀಟ, ಕೊರಳಿನ ಹಾರ, ಸೀರೆಯ ಅಂಚು, ಮಂಟಪದ ಕಂಬ ಇವೆಲ್ಲ ಕಾಗದದ ಮಟ್ಟದಿಂದ ಚೂರೇ ಚೂರು ಮೇಲೆದ್ದಿರುತ್ತವೆ. ಈ ಉಬ್ಬಿಗೆ ಕಲಾವಿದರು ಗೆಸ್ಸೊ ಕೆಲಸ ಎನ್ನುತ್ತಾರೆ. ಹೆಸರು ಇಟಲಿಯ ಭಾಷೆಯದು. ಅಲ್ಲಿ ಅದರ ಅರ್ಥ ಜಿಪ್ಸಮ್. ಮೈಸೂರಿನ ಗೆಸ್ಸೊದಲ್ಲಿ ಜಿಪ್ಸಮ್ ಇರಲಿಲ್ಲ. ಬಿಳಿ ಪುಡಿ, ಮರದ ರಾಳ ಮತ್ತು ಅಂಟನ್ನು ಕಲಸಿದ ಲೇಪ ಅದು. ಆ ಲೇಪವನ್ನು ಕುಂಚದ ತುದಿಯಿಂದ ಇಳಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ.

1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಆಸರೆ ಕಳೆದುಕೊಂಡ ಚಿತ್ರಗಾರರ ಮನೆತನಗಳು ದಕ್ಷಿಣದ ಬೇರೆ ಬೇರೆ ಸಂಸ್ಥಾನಗಳಿಗೆ ಚದುರಿದವು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದ ಮೇಲೆ ಅಲ್ಲಿ ಚಿತ್ರಕಲೆಗೆ ಮತ್ತೆ ಆಶ್ರಯ ಸಿಕ್ಕಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ ಈ ಶೈಲಿಯ ಸುಗ್ಗಿಯ ಕಾಲ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ವಾಹನ ಎಂಬುದನ್ನು ಚಿತ್ರಸಮೇತ ವಿವರಿಸುವ ದೊಡ್ಡ ಗ್ರಂಥ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಈ ಪರಂಪರೆಯ ಚಿತ್ರಗಳನ್ನು ಇಂದಿಗೂ ಅಲ್ಲಿ ನೋಡಬಹುದು.

ಕೆಲಸ ಶುರುವಾಗುವುದು ಹಲಗೆಯಿಂದ. ಮರದ ಹಲಗೆಗೆ ದಪ್ಪ ಕಾಗದ ಅಂಟಿಸಿ ನುಣುಪು ಮಾಡಿಕೊಳ್ಳುತ್ತಾರೆ. ಹುಣಸೆಯ ನೇರ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟ ಇದ್ದಿಲಿನಿಂದ ರೇಖೆ ಎಳೆಯುವುದು ಹಳೆಯ ಕ್ರಮ. ರೇಖೆ ಪೂರ್ತಿ ತಿದ್ದಿ ಮುಗಿಯುವವರೆಗೆ ಗೆಸ್ಸೊ ಮುಟ್ಟುವಂತಿಲ್ಲ. ಉಬ್ಬು ಒಮ್ಮೆ ಒಣಗಿತೆಂದರೆ ಅದರಡಿಯ ತಪ್ಪು ರೇಖೆಯನ್ನು ಸರಿಪಡಿಸಲು ಆಗುವುದಿಲ್ಲ.

ಇನ್ನು ಲೇಪ. ಹಿಂದೆ ಇದಕ್ಕೆ ಸಫೇದ, ಅಂದರೆ ಸೀಸದ ಬಿಳಿ ಪುಡಿ ಬಳಸುತ್ತಿದ್ದರು. ಅದರ ಜೊತೆಗೆ ರೇವಲಚಿನ್ನಿ: ಪುನರ್ಪುಳಿಯ ಬಳಗಕ್ಕೇ ಸೇರಿದ ಮರದ ತೊಗಟೆ ಸೀಳಿದಾಗ ಒಸರುವ ಹಳದಿ ಅಂಟುರಾಳ. ಬಿಳಿ ಪುಡಿ ಉಬ್ಬಿಗೆ ಮೈ ಕೊಡುತ್ತದೆ, ಅಂಟು ಹಿಡಿದಿಡುತ್ತದೆ. ರಾಳದ ಹಳದಿಯಿಂದ ಇನ್ನೊಂದು ಉಪಕಾರವಿದೆ. ರೇಕಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಅಡಿಯ ಬಿಳುಪು ಕಣ್ಣಿಗೆ ಹೊಡೆಯದೆ ಚಿನ್ನದ ಬಣ್ಣದಲ್ಲೇ ಸೇರಿಹೋಗುತ್ತದೆ. ಸೀಸ ವಿಷ; ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವ ಅಭ್ಯಾಸವಿದ್ದವರಿಗಂತೂ ಇನ್ನೂ ಅಪಾಯ. ಈಗ ಸತುವಿನ ಬಿಳಿ ಪುಡಿ, ಅಂದರೆ ಜಿಂಕ್ ಆಕ್ಸೈಡ್, ಅದರ ಜಾಗಕ್ಕೆ ಬಂದಿದೆ. ಅದನ್ನು ಅರಬ್ಬಿ ಗೋಂದಿನಲ್ಲಿ ಕಲಸುತ್ತಾರೆ. ಈ ಬದಲಾವಣೆ ಆಗಲೇಬೇಕಿತ್ತು.

ಹದವೇ ಇಲ್ಲಿ ಎಲ್ಲ. ಅಂಟು ಹೆಚ್ಚಾದರೆ ಒಣಗುವಾಗ ಲೇಪ ಕುಗ್ಗಿ ಬಿರಿಯುತ್ತದೆ. ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ಕಿರೀಟದ ಮುತ್ತಿನ ಸಾಲನ್ನು ಕೂರಿಸುವಾಗ ಕಲಾವಿದ ಕುಂಚವನ್ನು ಕಾಗದಕ್ಕೆ ಒತ್ತುವುದಿಲ್ಲ. ತುದಿಯಲ್ಲಿ ಒಂದು ಹನಿ ತುಂಬಿಸಿಕೊಂಡು, ಹನಿ ಮಾತ್ರ ಕಾಗದಕ್ಕೆ ತಾಗುವಂತೆ ಇಳಿಸಿ, ಕುಂಚವನ್ನು ನೆಟ್ಟಗೆ ಮೇಲೆತ್ತುತ್ತಾನೆ. ಹನಿ ಗುಂಡಗೆ ನಿಂತರೆ ಮುತ್ತು, ಹರಡಿದರೆ ಕಲೆ. ಸರದ ಎಳೆಯಾದರೆ ಅದೇ ಹನಿಯನ್ನು ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಬೇಕು. ಎತ್ತರ ಸಾಲದಿದ್ದರೆ ಮೊದಲ ಪದರ ಒಣಗಿದ ಮೇಲೆ ಇನ್ನೊಂದು ಪದರ. ಆತುರದಲ್ಲಿ ಒಮ್ಮೆಗೇ ದಪ್ಪ ಹಚ್ಚಿದ್ದು ಬಿರಿಯದೆ ಉಳಿಯುವುದು ಅಪರೂಪ.

ಚಿನ್ನ ಕೂರಿಸಲು ಬೆಳಗಿನ ಹೊತ್ತನ್ನು ಆರಿಸುತ್ತಿದ್ದರು. ಆಗ ಉಬ್ಬಿನ ಮೈಯಲ್ಲಿ ಇನ್ನೂ ತೇವವಿದ್ದು ರೇಕು ಬಿಗಿಯಾಗಿ ಹಿಡಿಯುತ್ತದೆ. ಬಡಿದು ತೆಳ್ಳಗೆ ಮಾಡಿದ ಚಿನ್ನ ಉಸಿರು ತಾಗಿದರೂ ಹಾರುತ್ತದೆ. ಹಿಡಿದುಕೊಂಡ ಮೇಲೆ ಉಬ್ಬಿನ ಪ್ರತಿ ಏರಿಳಿತಕ್ಕೂ ಮೈಗೆ ಮೈ ಅಂಟಿ ಕೂರುತ್ತದೆ. ಉಳಿದ ಭಾಗಕ್ಕೆ ಆಮೇಲೆ ನೀರುಬಣ್ಣ. ಎಲ್ಲ ಒಣಗಿದ ನಂತರ ಚಿತ್ರದ ಮೇಲೆ ತೆಳು ಕಾಗದ ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಕಾಗದ ತೆಗೆದಾಗ ಬಣ್ಣವೂ ಚಿನ್ನವೂ ಒಟ್ಟಿಗೆ ಮಿರುಗುತ್ತವೆ.

ಉಬ್ಬು ಎಲ್ಲಿ ಬೇಕು ಎನ್ನುವುದಕ್ಕಿಂತ ಎಲ್ಲಿ ಬೇಡ ಎನ್ನುವುದರಲ್ಲಿ ಮೈಸೂರಿನ ಜಾಣ್ಮೆ ಕಾಣುತ್ತದೆ. ಮುಖ, ಕೈ, ಆಕಾಶ, ಗಿಡಮರಗಳಿಗೆ ಗೆಸ್ಸೊ ಇಲ್ಲ. ಆಭರಣ, ಜರಿ, ಕೆತ್ತನೆಯ ಕಂಬ, ಪ್ರಭಾವಳಿ, ಹೀಗೆ ನಿಜದಲ್ಲೂ ಮೇಲೆದ್ದಿರುವುದಕ್ಕೆ ಮಾತ್ರ ಉಬ್ಬು. ತಂಜಾವೂರು ಚಿತ್ರದಲ್ಲಿ ಲೇಪ ದಪ್ಪ, ಚಿನ್ನದ ಹರವು ದೊಡ್ಡದು, ಗಾಜಿನ ಹರಳುಗಳೂ ಸೇರುತ್ತವೆ. ಅದರ ವೈಭವವೇ ಬೇರೆ. ಮೈಸೂರಿನಲ್ಲಿ ರೇಖೆಯೇ ಯಜಮಾನ. ಉಬ್ಬು ತಗ್ಗಿದ್ದರೆ ಮೂಗುತಿಯ ಸುತ್ತಿನ ಕೂದಲೆಳೆಯ ಗೆರೆಯೂ ಮುಚ್ಚಿಹೋಗುವುದಿಲ್ಲ. ದೇವರ ಕೋಣೆಯ ದೀಪ ಅಲ್ಲಾಡಿದಾಗ ಆ ತಗ್ಗು ಉಬ್ಬೇ ಸಾಲುಸಾಲಾಗಿ ಮಿನುಗುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಇದೇ ಬಗೆಯ ಕೆಲಸ ಮರದ ಬೊಂಬೆಗಳ ಮೇಲೆ ನಡೆಯುತ್ತದೆ. ಗೋಣಿನಾರು, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿದ ಕಿಟ್ಟವನ್ನು ಬೊಂಬೆಯ ಮೈಗೆಲ್ಲ ಬಳಿಯುತ್ತಾರೆ. ಒಡವೆಗಳನ್ನು ಎಬ್ಬಿಸುವುದು ಕಲ್ಲಿನ ಪುಡಿ ಕಲಸಿದ ಅಂಟಿನಿಂದ. ಗುಂಡನೆಯ ಮೈಗೆ ಗಟ್ಟಿ ಲೇಪ, ಚಪ್ಪಟೆ ಕಾಗದಕ್ಕೆ ನಯವಾದ ಲೇಪ: ಎರಡು ಊರುಗಳ ಅಂತರ ಇಷ್ಟೇ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇಂದು ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವ ಅಕ್ರಿಲಿಕ್ ಲೇಪವೂ ಚಿನ್ನದಂತೆ ಕಾಣುವ ಹಾಳೆಯೂ ಹೊಸಬರ ಕೈಗೆ ಬಂದಿವೆ. ಕಲಿಯುವವರಿಗೆ ಅವು ಸಾಕು. ಆದರೆ ಹಿತ್ತಾಳೆಯ ಹಾಳೆ ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ, ಅಪ್ಪಟ ಚಿನ್ನ ಕಂದುವುದಿಲ್ಲ. ಕೊಳ್ಳುವವರು ಯಾವುದನ್ನು ಬಳಸಿದ್ದಾರೆಂದು ಕೇಳಿ ತಿಳಿದುಕೊಳ್ಳಬೇಕು.

ಅಜ್ಜಿಯ ಕಾಲದ ಇಂಥ ಚಿತ್ರ ಮನೆಯಲ್ಲಿದ್ದರೆ ಒಂದು ಎಚ್ಚರಿಕೆ ಬೇಕು. ಗೋಂದು ನೀರಿನಲ್ಲಿ ಕರಗುವ ವಸ್ತು. ಹಬ್ಬಕ್ಕೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಜೊತೆ ಉಬ್ಬೂ ಬಟ್ಟೆಗೆ ಬರುತ್ತದೆ. ತೇವದ ಗೋಡೆಯಿಂದ ಚಿತ್ರವನ್ನು ದೂರವಿಡಿ. ಗಾಜಿನ ಕಟ್ಟು ಹಾಕಿಸುವಾಗ ಗಾಜು ಉಬ್ಬಿಗೆ ತಾಗದಂತೆ ನಡುವೆ ಜಾಗ ಬಿಡಲು ಹೇಳಿ.